ಸೊಲ್ಲು ಹಿಡಿಯುವವರು ಯಾರು? – ಗುಂಪಿನಿಂದ ಹೊರಟ ಗಾಸ್ಪೆಲ್ ಗಾಯಕರು ಮತ್ತು ಗಡಿನಾಡಿನ ಭಜನೆಯ ದನಿ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಬೆಳಿಗ್ಗೆಯಿಂದ ಶಾಲೆ, ಆಡಳಿತ ಭಾಷೆ, ಪಠ್ಯಪುಸ್ತಕ, ಮಹಾಜನ ವರದಿ ಇವುಗಳ ಬಗ್ಗೆ ಮಾತು ಬಂತು. ನಾನು ಹಾಡಿನ ಬಗ್ಗೆ ಮಾತಾಡ್ತೇನೆ. ಅದೂ ಅಮೆರಿಕದ ಕಪ್ಪು ಜನರ ಗಾಸ್ಪೆಲ್ ಹಾಡಿನ ಬಗ್ಗೆ. ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಇದೇನಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಹಾಗಾಗಿ ಈ ವಿಷಯ ನನ್ನ ತಲೆಗೆ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕಾಸರಗೋಡಿನ ಕಡೆಯವಳು. ನಮ್ಮೂರಿನ ಭಜನಾ ಮಂದಿರದಲ್ಲಿ ವಾರಕ್ಕೊಂದು ಸಂಜೆ ಭಜನೆ ಉಂಟು. ವರ್ಷಕ್ಕೊಮ್ಮೆ ಏಕಾಹ ಭಜನೆ. ಅಂದರೆ ಒಂದು ಬೆಳಗಿನಿಂದ ಮರುದಿನ ಬೆಳಗಿನವರೆಗೆ ತಂಡಗಳು ಬದಲಾಗುತ್ತವೆ, ಹಾಡು ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಹಾಡುತ್ತಿದ್ದ ಒಬ್ಬ ಹುಡುಗಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ಓದಿದ್ದು ಮಲಯಾಳ ಮಾಧ್ಯಮದಲ್ಲಿ. ಕನ್ನಡ ಅಕ್ಷರವನ್ನು ತಡವರಿಸಿ ಓದುತ್ತಾಳೆ. ಆದರೆ ನೂರಕ್ಕೂ ಮಿಕ್ಕಿ ದಾಸರ ಪದಗಳು ಅವಳಿಗೆ ಬಾಯಿಪಾಠ. ಕಳೆದ ವರ್ಷ ಅವಳು ತನ್ನ ಹೆಸರಿನಲ್ಲೇ ಹಾಡು ಧ್ವನಿಮುದ್ರಿಸಲು ಹೊರಟಳು. ಸ್ಟುಡಿಯೋದವರು, ‘ಮಲಯಾಳದಲ್ಲಿ ಹಾಡಿದ್ರೆ ಕೇಳುವವರು ಜಾಸ್ತಿ’ ಅಂದರು. ಮಂದಿರದ ಹಿರಿಯರೊಬ್ಬರು, ‘ಒಬ್ಬಳೇ ಹಾಡ್ಲಿಕ್ಕೆ ಹೋದ ಮೇಲೆ ಅದು ಭಜನೆ ಅಲ್ಲ ಮಗಾ, ಕಾರ್ಯಕ್ರಮ’ ಅಂದರು. ಅವಳು ನನ್ನ ಹತ್ತಿರ ಬಂದು, ‘ಅಕ್ಕಾ, ನಾನು ಮಾಡಿದ್ದು ತಪ್ಪಾ?’ ಅಂತ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಅದೇ ಸಮಯಕ್ಕೆ ಎಂ.ಎ. ತರಗತಿಯ ತೌಲನಿಕ ಸಾಹಿತ್ಯದ ಪತ್ರಿಕೆಗಾಗಿ ನಾನು ಕಪ್ಪು ಜನರ ಹಾಡಿನ ಚರಿತ್ರೆ ಓದುತ್ತಿದ್ದೆ. ಅಲ್ಲಿಯೂ ಇದೇ ಪ್ರಶ್ನೆ. ಚರ್ಚಿನ ಗುಂಪಿನಲ್ಲಿ ಹಾಡಿ ಬೆಳೆದ ಒಬ್ಬರು ತಮ್ಮದೇ ಹೆಸರಿನಲ್ಲಿ ಹಾಡಲು ಹೊರಟಾಗ ಏನಾಗುತ್ತದೆ? ಅದನ್ನು ಅವರು ಎಂಬತ್ತು, ತೊಂಬತ್ತು ವರ್ಷದ ಹಿಂದೆಯೇ ಎದುರಿಸಿದ್ದಾರೆ. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಅದನ್ನು ನೋಡಿದರೆ ನಮಗೆ ನಮ್ಮ ಪ್ರಶ್ನೆಯೇ ಸ್ವಲ್ಪ ಬೇರೆ ರೀತಿ ಕಾಣಿಸುತ್ತದೆ ಅನ್ನುವುದು ನನ್ನ ವಾದ.

ಸಾಲು ಕೊಡುವುದು, ಸಾಲು ಹಿಡಿಯುವುದು

ಗಾಸ್ಪೆಲ್ ಅಂದರೆ ಸುವಾರ್ತೆ, ಒಳ್ಳೆಯ ಸುದ್ದಿ. ಹಾಡಿನ ಪ್ರಕಾರವಾಗಿ ಅದು ರೂಪುಗೊಂಡದ್ದು 1920–30ರ ದಶಕಗಳಲ್ಲಿ, ಬಹುಮಟ್ಟಿಗೆ ಶಿಕಾಗೊ ನಗರದಲ್ಲಿ. ಆದರೆ ಬೇರು ಹಿಂದಕ್ಕೆ, ಗುಲಾಮಗಿರಿಯ ಕಾಲಕ್ಕೆ ಹೋಗುತ್ತದೆ. ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು. ಪುಸ್ತಕ ಇಲ್ಲ, ಇದ್ದರೂ ಓದುವಂತಿಲ್ಲ. ಆಗ ಒಬ್ಬ ಮುಂದಾಳು ಒಂದು ಸಾಲನ್ನು ಎತ್ತಿ ಹೇಳುತ್ತಾನೆ. ಉಳಿದವರು ಅದನ್ನೇ ನಿಧಾನವಾಗಿ, ಎಳೆದು, ತಮ್ಮ ತಮ್ಮ ಕಂಠಕ್ಕೆ ಒಗ್ಗಿಸಿಕೊಂಡು ಹಾಡುತ್ತಾರೆ. ಹಾಡು ಹೀಗೆ ಬಾಯಿಂದ ಬಾಯಿಗೆ ಹೋಗುತ್ತದೆ.

ನಮಗೆ ಇದು ಹೊಸತೇನಲ್ಲ. ಮಲೆಯ ಮಾದಪ್ಪನ ಕಥೆ ಹಾಡುವ ಕಂಸಾಳೆಯ ಗುಡ್ಡರನ್ನು ನೆನಪಿಸಿಕೊಳ್ಳಿ. ತಾಳವಾಡಿಯ ಕಡೆಯವರು ಇಲ್ಲಿ ಇದ್ದಾರೆ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮುಂದೆ ನಿಂತವನು ಕಥೆ ಎತ್ತುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಬೀಳದಿದ್ದರೆ ಮುಂದಿನವನಿಗೆ ಉಸಿರೆಳೆದುಕೊಳ್ಳಲು ಜಾಗವಿಲ್ಲ, ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಹೊತ್ತಿಲ್ಲ. ಅಂದರೆ ಸೊಲ್ಲು ಬರೀ ಅಲಂಕಾರ ಅಲ್ಲ, ಹಾಡನ್ನು ಹೊತ್ತು ನಡೆಯುವ ಕಾಲು. ‘ಸೊಲ್ಲು’ ಅನ್ನುವ ಈ ಒಂದು ಪದವನ್ನು ಇಟ್ಟುಕೊಂಡೇ ನಾನು ಮುಂದಿನ ಮಾತು ಆಡುತ್ತೇನೆ. ಗಾಸ್ಪೆಲ್ ಬಗ್ಗೆ ಬರೆದವರು ಇದನ್ನು ಕೂಗು ಮತ್ತು ಓಗೊಡುವಿಕೆ ಅಂತ ವಿವರಿಸುತ್ತಾರೆ. ನನಗೆ ನಮ್ಮ ಪದವೇ ಹೆಚ್ಚು ಸರಿ ಅನ್ನಿಸಿತು.

ಈ ಹಳೆಯ ಹಾಡಿಗೆ ಹೊಸ ರೂಪ ಕೊಟ್ಟವರಲ್ಲಿ ಮುಖ್ಯ ಹೆಸರು ಥಾಮಸ್ ಡಾರ್ಸಿ. 1899ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದವನು. ‘ಜಾರ್ಜಿಯಾ ಟಾಮ್’ ಅನ್ನುವ ಹೆಸರಿನಲ್ಲಿ ಬ್ಲೂಸ್ ಹಾಡುಗಳಿಗೆ ಪಿಯಾನೊ ನುಡಿಸುತ್ತಿದ್ದ. 1932ರಲ್ಲಿ ಹೆರಿಗೆಯ ಹೊತ್ತಿಗೆ ಹೆಂಡತಿಯೂ, ಅದರ ಬೆನ್ನಿಗೇ ಕೂಸೂ ತೀರಿಕೊಂಡವು. ಆ ದುಃಖದಲ್ಲಿ ಅವನು ಕಟ್ಟಿದ ‘ಪ್ರೆಶಸ್ ಲಾರ್ಡ್’ ಹಾಡು ಇವತ್ತಿಗೂ ಜಗತ್ತಿನ ಎಷ್ಟೋ ಕಡೆ ಸಾವಿನ ಮನೆಯಲ್ಲಿ ಕೇಳಿಬರುತ್ತದೆ. ಡಾರ್ಸಿ ಬ್ಲೂಸ್‌ನ ಲಯವನ್ನು ಚರ್ಚಿನ ಹಾಡಿಗೆ ತಂದ. ನಗರದ ದೊಡ್ಡ ಚರ್ಚುಗಳಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಹೆಂಡದಂಗಡಿಯ ಲಯ ದೇವರ ಮುಂದೆ ಯಾಕೆ ಅಂತ ಅವರ ಆಕ್ಷೇಪ. ಡಾರ್ಸಿ ಹಾಡುಗಳನ್ನು ಹಾಳೆಗಳಲ್ಲಿ ಅಚ್ಚು ಹಾಕಿಸಿ ಮಾರುತ್ತಿದ್ದ. ಮಾರಬೇಕಾದರೆ ಯಾರಾದರೂ ಹಾಡಿ ತೋರಿಸಬೇಕಲ್ಲ? ಹಾಗೆ ಬೀದಿ ಮೂಲೆಯಲ್ಲಿ ನಿಂತು ಹಾಡಿ ತೋರಿಸಿದವರಲ್ಲಿ ಒಬ್ಬಳು ಮಹಾಲಿಯಾ ಜಾಕ್ಸನ್.

ಮಹಾಲಿಯಾ: ಒಂಟಿ ದನಿ, ಆದರೆ ಗುಂಪಿನ ಹಾಡು

ಮಹಾಲಿಯಾ ಹುಟ್ಟಿದ್ದು 1911ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ತಾಯಿ ಹೋದಳು, ತಾಯಿಯ ಸೋದರಿ ಸಾಕಿದಳು. ಇವರದು ಶಿಸ್ತಿನ ಬ್ಯಾಪ್ಟಿಸ್ಟ್ ಚರ್ಚು. ಆದರೆ ಮನೆಯ ಪಕ್ಕದಲ್ಲೇ ಬಡವರ ಇನ್ನೊಂದು ಪುಟ್ಟ ಚರ್ಚು ಇತ್ತು. ಅಲ್ಲಿ ಡೋಲು, ಚಪ್ಪಾಳೆ, ಕಾಲ ಕುಣಿತ ಎಲ್ಲ ಉಂಟು. ತನ್ನ ಹಾಡಿನ ಲಯ ಅಲ್ಲಿಂದ ಬಂದದ್ದು ಅಂತ ಅವಳೇ ಮುಂದೆ ಹೇಳಿಕೊಂಡಿದ್ದಾಳೆ. ಹದಿನಾರರ ಸುಮಾರಿಗೆ ಶಿಕಾಗೊಗೆ ಬಂದಳು. ಬಟ್ಟೆ ಒಗೆಯುವ, ಮನೆಗೆಲಸದ ಕೂಲಿ ಮಾಡುತ್ತಾ ಚರ್ಚಿನ ಗಾಯನವೃಂದ ಸೇರಿದಳು. ಜಾನ್ಸನ್ ಸಹೋದರರ ಒಂದು ಚಿಕ್ಕ ತಂಡದಲ್ಲಿ ಹಾಡಿದಳು.

ದನಿ ತಿದ್ದಿಸಿಕೊಳ್ಳೋಣ ಅಂತ ಒಮ್ಮೆ ಒಬ್ಬ ಸಂಗೀತ ಮೇಷ್ಟ್ರ ಹತ್ತಿರ ಹೋದಳು. ಒಂದು ಪಾಠಕ್ಕೆ ನಾಲ್ಕು ಡಾಲರ್. ಅವಳಂಥವಳಿಗೆ ಅದು ಸಣ್ಣ ಹಣ ಅಲ್ಲ. ಮೇಷ್ಟ್ರು ಸ್ವತಃ ಕಪ್ಪು ಜನಾಂಗದವರು. ಈ ಕಿರುಚಾಟ ನಿಲ್ಲಿಸು, ಬಿಳಿಯರಿಗೆ ಇದು ಅರ್ಥವಾಗುವುದಿಲ್ಲ ಅನ್ನುವ ಅರ್ಥದ ಮಾತಾಡಿದರು. ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಯಾರಿಗೆ ಅರ್ಥವಾಗಬೇಕು ಅನ್ನುವ ಪ್ರಶ್ನೆ ಇಲ್ಲೇ ಶುರುವಾಯಿತು ನೋಡಿ. ಮಲಯಾಳದಲ್ಲಿ ಹಾಡು ಅಂದ ಸ್ಟುಡಿಯೋದವರ ಮಾತು ನನಗೆ ಇಲ್ಲಿ ನೆನಪಾಯಿತು.

1937ರಲ್ಲಿ ಡೆಕ್ಕಾ ಕಂಪನಿ ಅವಳ ಒಂಟಿ ದನಿಯ ಮೊದಲ ಮುದ್ರಿಕೆಗಳನ್ನು ತಂದಿತು. ಅವು ಹೆಚ್ಚು ಮಾರಾಟವಾಗಲಿಲ್ಲ. ಬ್ಲೂಸ್ ಹಾಡಿದರೆ ಮುಂದುವರಿಸೋಣ ಅನ್ನುವ ಸೂಚನೆ ಬಂತು. ಅವಳು ಒಪ್ಪಲಿಲ್ಲ. ಅವಳಿಗೆ ಬ್ಲೂಸ್ ಗೊತ್ತಿಲ್ಲ ಅಂತಲ್ಲ. ಬೆಸ್ಸಿ ಸ್ಮಿತ್‌ಳ ಹಾಡುಗಳನ್ನು ಕೇಳುತ್ತಲೇ ಬೆಳೆದವಳು. ಆದರೆ ತಾನು ಹಾಡುವುದು ಏನು, ಯಾರ ಎದುರು ಅನ್ನುವುದರಲ್ಲಿ ಅವಳಿಗೆ ಗೊಂದಲ ಇರಲಿಲ್ಲ. ಅಲ್ಲಿಂದ ಸುಮಾರು ಒಂಬತ್ತು ವರ್ಷ ಅವಳ ಹೊಸ ಮುದ್ರಿಕೆ ಬರಲೇ ಇಲ್ಲ. ಆ ವರ್ಷಗಳಲ್ಲಿ ಅವಳು ಸುಮ್ಮನೆ ಕೂತಿರಲಿಲ್ಲ. ಡಾರ್ಸಿಯ ಜೊತೆ ಊರೂರು ತಿರುಗಿದಳು, ಚರ್ಚುಗಳಲ್ಲಿ ಹಾಡಿದಳು. ಹೊಟ್ಟೆಪಾಡಿಗೆ ಹೆಂಗಸರ ಕೇಶಾಲಂಕಾರದ ಅಂಗಡಿ ಇಟ್ಟಳು, ಮುಂದೆ ಹೂವಿನ ಅಂಗಡಿ ಕೂಡ.

1947ರಲ್ಲಿ ಅಪೊಲೊ ಕಂಪನಿಗೆ ಅವಳು ಹಾಡಿದ ‘ಮೂವ್ ಆನ್ ಅಪ್ ಎ ಲಿಟ್ಲ್ ಹೈಯರ್’ ಎಲ್ಲವನ್ನೂ ಬದಲಿಸಿತು. ಕಟ್ಟಿದವರು ಮೆಂಫಿಸ್‌ನ ಪಾದ್ರಿ ಹರ್ಬರ್ಟ್ ಬ್ರೂಸ್ಟರ್. ಹೆಸರೇ ಹೇಳುವಂತೆ ಇನ್ನೂ ಕೊಂಚ ಮೇಲಕ್ಕೆ ಹತ್ತುವ ಹಾಡು ಅದು. ಸ್ವರ್ಗದ ಮಾತು ಅಂತ ಮೇಲ್ನೋಟಕ್ಕೆ ಕಂಡರೂ, ತುಳಿತಕ್ಕೆ ಸಿಕ್ಕ ಜನ ಭೂಮಿಯ ಮೇಲೂ ಮೇಲೇಳುವ ಮಾತು ಅದರೊಳಗೆ ಇತ್ತು. ಇಲ್ಲಿ ಒಂದು ಸಣ್ಣ ತಾಂತ್ರಿಕ ಸಂಗತಿ ನನಗೆ ತುಂಬಾ ಮುಖ್ಯ ಅನ್ನಿಸಿತು. ಆಗಿನ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಚರ್ಚಿನಲ್ಲಾದರೋ ಹಾಡು ಎಷ್ಟು ಹೊತ್ತು ಅನ್ನುವುದನ್ನು ಗಡಿಯಾರ ಹೇಳುವುದಿಲ್ಲ, ಸೊಲ್ಲು ಹಿಡಿಯುವ ಜನ ಹೇಳುತ್ತಾರೆ. ಹಾಗಾಗಿ ಈ ಹಾಡನ್ನು ತಟ್ಟೆಯ ಎರಡೂ ಮಗ್ಗುಲಿಗೆ ಹಂಚಿ, ಒಂದನೇ ಭಾಗ, ಎರಡನೇ ಭಾಗ ಅಂತ ಹೊರತಂದರು. ತಿರುಗಿಸಿ ಹಾಕಿ ಕೇಳಬೇಕು. ಜನ ಹಾಗೇ ಕೇಳಿದರು. ಗಾಸ್ಪೆಲ್ ಲೋಕ ಅಲ್ಲಿವರೆಗೆ ಕಾಣದಷ್ಟು ಪ್ರತಿಗಳು ಮಾರಾಟವಾದವು.

1950ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದಳು. 1954ರಲ್ಲಿ ಕೊಲಂಬಿಯಾ ಕಂಪನಿ ಸೇರಿದಳು. 1961ರಲ್ಲಿ ಅಧ್ಯಕ್ಷ ಕೆನೆಡಿಯ ಪದಗ್ರಹಣದ ಸಂದರ್ಭದಲ್ಲಿ ಹಾಡಿದಳು. ಈ ಎಲ್ಲದರ ನಡುವೆ 1956ರಲ್ಲಿ ಮಾಂಟ್ಗೊಮರಿ ಊರಿಗೂ ಹೋಗಿ, ಬಸ್ಸಿನ ಬಹಿಷ್ಕಾರ ಹೂಡಿದ್ದ ಜನರಿಗಾಗಿ ಹಾಡಿದಳು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1963ರ ಆಗಸ್ಟ್ 28. ವಾಷಿಂಗ್ಟನ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಮಾತಿಗೆ ಮೊದಲು ಮಹಾಲಿಯಾ ಹಾಡಿದಳು. ಆಮೇಲೆ ಕಿಂಗ್ ಬರೆದು ತಂದ ಭಾಷಣ ಓದುತ್ತಿದ್ದಾಗ, ಹಿಂದೆ ಕೂತಿದ್ದ ಅವಳು ಆ ಕನಸಿನ ವಿಷಯ ಹೇಳು ಅಂತ ಕೂಗಿದಳು ಎಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಕಿಂಗ್ ಹಾಳೆ ಬಿಟ್ಟು ಕನಸಿನ ಮಾತಿಗೆ ಬಂದರು. ಉಳಿದದ್ದು ಎಲ್ಲರಿಗೂ ಗೊತ್ತು. ಯೋಚನೆ ಮಾಡಿ: ಆ ಹೊತ್ತಿಗೆ ಅವಳು ಜಗತ್ತಿನಲ್ಲೇ ಹೆಸರಾದ ಒಂಟಿ ಗಾಯಕಿ. ಆದರೆ ಆ ಗಳಿಗೆಯಲ್ಲಿ ಅವಳು ಮಾಡಿದ್ದು ಹಿಮ್ಮೇಳದ ಕೆಲಸ. ಇನ್ನೊಬ್ಬರ ಮಾತಿಗೆ ಅವಳು ಸೊಲ್ಲು ಹಿಡಿದಳು.

1971ರಲ್ಲಿ ಅವಳು ಭಾರತಕ್ಕೂ ಬಂದಿದ್ದಳು. ಕಲ್ಕತ್ತಾ, ದಿಲ್ಲಿ, ಮದ್ರಾಸ್, ಬೊಂಬಾಯಿಗಳಲ್ಲಿ ಹಾಡಿದಳು. ಮರುವರ್ಷ ಜನವರಿಯಲ್ಲಿ ತೀರಿಕೊಂಡಳು.

ಸ್ಯಾಮ್ ಕುಕ್: ಹೆಸರು ಮರೆಸಿ ಹೊರಟವನು

ಇನ್ನೊಂದು ದಾರಿ ಸ್ಯಾಮ್ ಕುಕ್‌ನದು. 1931ರಲ್ಲಿ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿದ, ಪಾದ್ರಿಯ ಮಗ. ಬೆಳೆದದ್ದು ಶಿಕಾಗೊದಲ್ಲಿ. ಆಗ ಗಾಸ್ಪೆಲ್‌ನ ಗಂಡಸರ ತಂಡಗಳಲ್ಲಿ ಸೋಲ್ ಸ್ಟಿರರ್ಸ್ ಬಹಳ ಹೆಸರಾಗಿತ್ತು. ಅದರ ಮುಖ್ಯ ಗಾಯಕ ಆರ್. ಎಚ್. ಹ್ಯಾರಿಸ್ ಬಿಟ್ಟುಹೋದಾಗ, ಆ ಜಾಗಕ್ಕೆ 1950ರಲ್ಲಿ ಬಂದವನು ಹತ್ತೊಂಬತ್ತರ ಈ ಹುಡುಗ. ಆರು ವರ್ಷ ಚರ್ಚುಗಳಲ್ಲಿ ಹಾಡಿದ. ಹುಡುಗ ಹುಡುಗಿಯರು ಅವನನ್ನು ನೋಡಲಿಕ್ಕೇ ಚರ್ಚಿಗೆ ಬರುತ್ತಿದ್ದರು.

ಅವನಿಗೆ ಪ್ರೇಮಗೀತೆಯ ಲೋಕಕ್ಕೆ ಹೋಗಬೇಕು ಅನ್ನಿಸಿತು. ಆದರೆ ಚರ್ಚಿನ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅದಕ್ಕೆ ಮೊದಲ ಹಾಡನ್ನು ‘ಡೇಲ್ ಕುಕ್’ ಅನ್ನುವ ಬೇರೆ ಹೆಸರಿನಲ್ಲಿ ಹೊರತಂದ. ತಮಾಷೆ ಅಂದರೆ, ಆ ಹಾಡು ಅವರದೇ ತಂಡದ ಒಂದು ಗಾಸ್ಪೆಲ್ ಹಾಡಿನ ಧಾಟಿಯದು. ದೇವರ ಜಾಗದಲ್ಲಿ ಹುಡುಗಿ ಬಂದಿದ್ದಳು, ಅಷ್ಟೆ. ಹೆಸರು ಬದಲಿಸಬಹುದು, ಕಂಠವನ್ನು ಬದಲಿಸಲು ಆಗುತ್ತದಾ? ಎಲ್ಲರಿಗೂ ಗೊತ್ತಾಗಿಹೋಯಿತು. ಅವನು ತಂಡ ಬಿಟ್ಟ. 1957ರಲ್ಲಿ ಸ್ವಂತ ಹೆಸರಿನಲ್ಲೇ ಹಾಡಿದ ‘ಯು ಸೆಂಡ್ ಮಿ’ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಇದನ್ನು ‘ಬಿಟ್ಟುಹೋದವನ ಕಥೆ’ ಅಂತ ಮುಗಿಸುವುದು ಸುಲಭ. ಆದರೆ ಅಷ್ಟೇ ಅಲ್ಲ. ಅವನು ಗೆಳೆಯರೊಂದಿಗೆ ಸೇರಿ ಸ್ವಂತ ಧ್ವನಿಮುದ್ರಣ ಸಂಸ್ಥೆ ಮಾಡಿದಾಗ, ತನ್ನ ಹಳೆಯ ತಂಡದ ಗಾಸ್ಪೆಲ್ ಹಾಡುಗಳನ್ನೇ ಅಲ್ಲಿಂದ ಹೊರತಂದ. 1963ರ ಅಕ್ಟೋಬರ್‌ನಲ್ಲಿ ಲೂಸಿಯಾನಾದ ಒಂದು ವಸತಿಗೃಹದಲ್ಲಿ, ಹೆಸರಾಂತ ಗಾಯಕನಾಗಿದ್ದರೂ, ಕಪ್ಪು ಬಣ್ಣದವನೆಂದು ಅವನಿಗೆ ಕೋಣೆ ಕೊಡಲಿಲ್ಲ. 1964ರಲ್ಲಿ ಬಂದ ಅವನ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡಿನ ಹಿಂದೆ ಆ ಅವಮಾನ ಇದೆ. ಅದರಲ್ಲಿ ದೇವರ ಹೆಸರಿಲ್ಲದಿದ್ದರೂ ಧಾಟಿ ಪೂರ್ತಿ ಚರ್ಚಿನದು. ಅದೇ ವರ್ಷ ಡಿಸೆಂಬರಿನಲ್ಲಿ ಅವನು ಗುಂಡೇಟಿಗೆ ಸತ್ತ. ಅವನು ಬಿಟ್ಟುಹೋದ ಜನ ಆ ಹಾಡನ್ನು ತಮ್ಮದಾಗಿಸಿಕೊಂಡರು.

ಅರೀಥಾ: ಗುಂಪಿಗೆ ಮರಳಿದವಳು

ಮೂರನೆಯ ದಾರಿ ಅರೀಥಾ ಫ್ರಾಂಕ್ಲಿನ್‌ಳದು. ತಂದೆ ಸಿ. ಎಲ್. ಫ್ರಾಂಕ್ಲಿನ್ ಡೆಟ್ರಾಯಿಟ್‌ನ ದೊಡ್ಡ ಪ್ರಸಂಗಿ. ಮಹಾಲಿಯಾ ಆ ಮನೆಗೆ ಬಂದು ಹೋಗುತ್ತಿದ್ದವಳು. ಹದಿನಾಲ್ಕರ ಹರೆಯದಲ್ಲೇ ಅರೀಥಾಳ ಚರ್ಚಿನ ಹಾಡುಗಳು ಮುದ್ರಣಗೊಂಡಿದ್ದವು. 1960ರಲ್ಲಿ ಲೌಕಿಕ ಹಾಡಿನ ಕಡೆ ಹೋದಳು. 1967ರ ಹೊತ್ತಿಗೆ ಅವಳಷ್ಟು ದೊಡ್ಡ ಹೆಸರು ಇನ್ನೊಂದಿರಲಿಲ್ಲ.

ಆ ಎತ್ತರದಲ್ಲಿದ್ದಾಗಲೇ, 1972ರ ಜನವರಿಯಲ್ಲಿ, ಅವಳು ಲಾಸ್ ಏಂಜಲೀಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ ಎರಡು ರಾತ್ರಿ ಹಾಡಿದಳು. ಜೊತೆಗೆ ಪಾದ್ರಿ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಅವರ ಗಾಯನವೃಂದ. ಸ್ಟುಡಿಯೋದ ನಿಶ್ಶಬ್ದ ಬೇಡ, ಜನರ ಉದ್ಗಾರವೂ ಮುದ್ರಣವಾಗಲಿ ಅನ್ನುವುದು ಅಲ್ಲಿನ ಏರ್ಪಾಡು. ‘ಅಮೇಜಿಂಗ್ ಗ್ರೇಸ್’ ಅನ್ನುವ ಆ ಸಂಗ್ರಹ ಅವಳ ಎಲ್ಲ ಸಂಗ್ರಹಗಳಲ್ಲಿ ಹೆಚ್ಚು ಮಾರಾಟವಾದದ್ದು. ಅಂದರೆ ಮಾರುಕಟ್ಟೆಗೆ ಗುಂಪು ಬೇಡ ಅನ್ನುವುದು ನಮ್ಮ ಊಹೆ ಮಾತ್ರ. ಇದಾದ ಎರಡೇ ವಾರಕ್ಕೆ ಮಹಾಲಿಯಾ ತೀರಿಕೊಂಡಳು. ಅವಳ ಅಂತ್ಯಕ್ರಿಯೆಯಲ್ಲಿ ಅರೀಥಾ ಹಾಡಿದ್ದು ಡಾರ್ಸಿಯ ‘ಪ್ರೆಶಸ್ ಲಾರ್ಡ್’. ನಾಲ್ಕು ವರ್ಷದ ಹಿಂದೆ ಕಿಂಗ್ ಅವರ ಅಂತ್ಯಕ್ರಿಯೆಯಲ್ಲಿ ಮಹಾಲಿಯಾ ಅದೇ ಹಾಡನ್ನು ಹಾಡಿದ್ದಳು.

ಮೇಲೆತ್ತುವ ಹಾಡು ಅಂದರೇನು?

ಗಾಸ್ಪೆಲ್ ಅನ್ನು ಮನಸ್ಸನ್ನು ಮೇಲೆತ್ತುವ ಸಂಗೀತ ಅಂತ ಪರಿಚಯಿಸುವುದು ರೂಢಿ. ಈಗ ಹೊಸದಾಗಿ ಹಾಡಲು ಹೊರಡುವ ಗಾಯಕರೂ ಹಾಗೇ ಹೇಳಿಕೊಳ್ಳುತ್ತಾರೆ. ಹುರುಪು ತುಂಬುವ, ಒಳ್ಳೆಯದಾಗುತ್ತದೆ ಅಂತ ಹೇಳುವ ಹಾಡು ಅಂತ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಮೇಲೆ ಹೇಳಿದ ಹಾಡುಗಳೆಲ್ಲ ಶುರುವಾಗುವುದು ನೋವಿನಿಂದ. ‘ನಾನು ದಣಿದಿದ್ದೇನೆ’ ಅನ್ನುವ ಒಬ್ಬರ ದನಿಗೆ ‘ಹೌದು, ನಾವೂ’ ಅಂತ ಹತ್ತು ದನಿ ಸೇರಿದಾಗ ಆ ಒಬ್ಬರು ಮೇಲೇಳುತ್ತಾರೆ. ಹಾಡಿನ ಪದ ಒಂದೇ ಮೇಲೆತ್ತುವುದಿಲ್ಲ, ಸೊಲ್ಲು ಮೇಲೆತ್ತುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ‘ವಿ ಶಲ್ ಓವರ್‌ಕಮ್’. ಅದರ ಹಳೆಯ ಚರ್ಚಿನ ರೂಪದಲ್ಲಿ ಇದ್ದದ್ದು ‘ನಾನು’. 1945ರಲ್ಲಿ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು, ಮುಷ್ಕರ ಹೂಡಿದ್ದಾಗ ಹಾಡುತ್ತಾ ಹಾಡುತ್ತಾ ಅದು ‘ನಾವು’ ಆಯಿತು. ಆಮೇಲೆ ಅದು ಹಿಂದಿಗೂ ಕನ್ನಡಕ್ಕೂ ಬಂದು ನಮ್ಮ ಶಾಲೆಗಳ ಪ್ರಾರ್ಥನೆಯ ಸಾಲಿನಲ್ಲೂ ನಿಂತಿತು.

ಮತ್ತೆ ಗಡಿಗೆ

ಈಗ ನಮ್ಮ ಕಡೆಗೆ ಬರೋಣ. ಮೊದಲು ಒಂದು ಎಚ್ಚರ. ಗುಲಾಮಗಿರಿಯ ನೋವಿಗೂ ಗಡಿಯಾಚೆ ಉಳಿದ ಕನ್ನಡಿಗರ ಕಷ್ಟಕ್ಕೂ ಸರಿಸಮ ಮಾಡುವುದು ತಪ್ಪು. ನಾನು ಹೋಲಿಸುತ್ತಿರುವುದು ನೋವನ್ನಲ್ಲ, ಹಾಡು ಮಾಡುವ ಕೆಲಸವನ್ನು.

1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳ ಸೇರಿತು. ಗೆರೆ ಬದಲಾದ ಮೇಲೆ ನಿಧಾನವಾಗಿ ಶಾಲೆಯ ಭಾಷೆ ಬದಲಾಯಿತು, ಅರ್ಜಿಯ ಭಾಷೆ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ಬದಲಾಗದೆ ಉಳಿದದ್ದು ಯಾವುದು? ಕಾಸರಗೋಡಿನ ಭಜನಾ ಮಂದಿರದಲ್ಲಿ ದಾಸರ ಪದ, ಅಕ್ಕಲಕೋಟೆ, ಜತ್ತದ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿಯ ಭಜನೆ, ಏಕತಾರಿಯ ತತ್ವಪದ, ತಾಳವಾಡಿಯ ಕಡೆ ಮಾದಪ್ಪನ ಸೊಲ್ಲು. ಅಕ್ಷರ ಕಲಿಯುವ ಅವಕಾಶ ಇಲ್ಲದ ಮಕ್ಕಳಿಗೆ ಕನ್ನಡದ ಕಟ್ಟುನಿಟ್ಟಾದ, ಹಳೆಯ, ಸಮೃದ್ಧ ಪದಗಳು ಸಿಗುವುದು ಇಲ್ಲಿ. ಆ ಹುಡುಗಿಯ ಬಾಯಿಯಲ್ಲಿ ‘ಇಂದಿರೇಶ’, ‘ಕರುಣಾಳು’, ‘ಅನುದಿನ’ ಅನ್ನುವ ಮಾತುಗಳು ಸಲೀಸಾಗಿ ಬರುವುದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ. ಸೊಲ್ಲು ಹಿಡಿಯುತ್ತಾ ಕಲಿತದ್ದು.

ಹಾಗಾದರೆ ಹಿರಿಯರ ಆತಂಕ ಸುಳ್ಳಲ್ಲ. ಒಬ್ಬೊಬ್ಬರೇ ಕೋಣೆಯೊಳಗೆ ಕಿವಿಗೆ ಹೆಡ್‌ಫೋನ್ ಹಾಕಿ ಹಾಡಿ, ಇನ್ನೊಬ್ಬರು ಇನ್ನೊಂದು ಕೋಣೆಯಲ್ಲಿ ಕಿವಿಗೆ ಹಾಕಿ ಕೇಳಿದರೆ, ಮಂದಿರದಲ್ಲಿ ಹಿಂದೆ ಕೂತು ಕಲಿಯುವ ಮುಂದಿನ ಮಗುವಿಗೆ ಜಾಗ ಎಲ್ಲಿ?

ಆದರೆ ಗುಂಪಿನ ಬಗ್ಗೆ ನಾವು ತೀರಾ ಭಾವುಕರಾಗುವುದೂ ಬೇಡ. ನಮ್ಮ ಗುಂಪು ಎಲ್ಲರನ್ನೂ ಒಳಗೆ ಕರೆದ ಗುಂಪಲ್ಲ. ನಮ್ಮ ಮಂದಿರದಲ್ಲಿ ಅಜ್ಜಿಯ ಕಾಲಕ್ಕೆ ಹೆಂಗಸರು ಹೊರಗಿನ ಜಗಲಿಯಲ್ಲಿ ಕೂತೇ ಸೊಲ್ಲು ಕೊಡುತ್ತಿದ್ದರಂತೆ. ಮುಂದೆ ಕೂತು ಹಾಡು ಎತ್ತುವ ಹಕ್ಕು ಅವರಿಗೆ ಇರಲಿಲ್ಲ. ಕೆಲವರಿಗೆ ಜಗಲಿಯೂ ಇರಲಿಲ್ಲ, ಅಂಗಳದ ಆಚೆ. ಅಂಥ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳು ತನ್ನ ಹೆಸರಿನಲ್ಲಿ ಹಾಡು ಎತ್ತುತ್ತಾಳೆ ಅಂದರೆ ಅದನ್ನು ಬರೀ ‘ಕಾರ್ಯಕ್ರಮ’ ಅನ್ನಬಾರದು. ಬಟ್ಟೆ ಒಗೆಯುತ್ತಿದ್ದ ಮಹಾಲಿಯಾ ಕಾರ್ನೆಗಿ ಹಾಲ್‌ನ ವೇದಿಕೆ ಹತ್ತಿದಾಗ ಹತ್ತಿದ್ದು ಅವಳೊಬ್ಬಳೇ ಅಲ್ಲ.

ಈ ಮೂವರನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ‘ಒಬ್ಬಳೇ ಹಾಡಬಹುದಾ?’ ಅನ್ನುವುದು ಸರಿಯಾದ ಪ್ರಶ್ನೆ ಅಲ್ಲ. ‘ನೀನು ಹಾಡಿದಾಗ ಸೊಲ್ಲು ಹಿಡಿಯುವವರು ಯಾರು? ನೀನು ಯಾರಿಗೆ ಸೊಲ್ಲು ಹಿಡಿಯುತ್ತೀ?’ ಅಂತ ಕೇಳಬೇಕು. ಮಹಾಲಿಯಾ ಈ ಎರಡಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಸ್ಯಾಮ್ ಕುಕ್ ಹೊರಗೆ ಹೋದ ಮೇಲೆ ಉತ್ತರ ಹುಡುಕಿದ. ಅರೀಥಾ ವಾಪಸ್ ಬಂದು ಕಂಡುಕೊಂಡಳು.

ಆ ಹುಡುಗಿಗೆ ನಾನು ಹೇಳಿದ್ದು ಕೂಡ ಅಷ್ಟೇ. ಅವಳು ಮುಂದಿನ ಹಾಡನ್ನು ಸ್ಟುಡಿಯೋದಲ್ಲಿ ಮಾಡಲಿಲ್ಲ. ಮಂದಿರದಲ್ಲೇ, ವಾರದ ಭಜನೆಯ ಹೊತ್ತಿಗೆ, ತಾಳ ಹಾಕುವ ಮಕ್ಕಳನ್ನೂ ಕೂರಿಸಿಕೊಂಡು ಮುದ್ರಿಸಿದಳು. ಸದ್ದು ಅಷ್ಟು ಶುದ್ಧವಾಗಿಲ್ಲ, ನಡುವೆ ಯಾರದೋ ಕೆಮ್ಮು ಕೇಳಿಸುತ್ತದೆ. ಹಾಡಿನ ಕೆಳಗೆ ಸೊಲ್ಲು ಹಿಡಿದ ಹನ್ನೊಂದು ಜನರ ಹೆಸರೂ ಉಂಟು. ‘ಕಾರ್ಯಕ್ರಮ’ ಅಂದಿದ್ದ ಆ ಹಿರಿಯರ ಹೆಸರು ಮೂರನೆಯದು.

ಸಂವಾದದಿಂದ

ಪ್ರಶ್ನೆ: ಗಾಸ್ಪೆಲ್ ಅನ್ನು ಭಜನೆಗೆ ಹೋಲಿಸಿದಿರಿ. ಗಡಿಭಾಗದ ಕನ್ನಡ ಕ್ರ‌ೈಸ್ತ ಹಾಡುಗಳನ್ನು ಯಾಕೆ ಬಿಟ್ಟಿರಿ?

ಒಳ್ಳೆಯ ಪ್ರಶ್ನೆ, ಬಿಟ್ಟದ್ದು ನನ್ನ ಕೊರತೆ. ಸುವಾರ್ತೆ ಕನ್ನಡಕ್ಕೆ ಬಂದ ದಾರಿಯೇ ಈಗಿನ ಗಡಿಗಳನ್ನು ದಾಟಿ ಹೋಗುತ್ತದೆ. ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಬೈಬಲ್‌ನ ಕೆಲಸ ನಡೆದದ್ದು ಅಲ್ಲಿ, ಆಗ ಆದೋನಿ, ರಾಯದುರ್ಗವೆಲ್ಲ ಅದೇ ನೆಲ. ನಿಘಂಟಿನ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಹಾಡುಗಬ್ಬದ ಧಾಟಿಗೆ ತಂದರು. ನೀಲಗಿರಿಯ ಬಡಗ ನುಡಿಯಲ್ಲಿ ಲೂಕನ ಸುವಾರ್ತೆ 1890ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿ ಬರೆದರು. ಈ ಭಾಗಗಳ ಚರ್ಚುಗಳಲ್ಲಿ ಕನ್ನಡದಲ್ಲಿ ಹಾಡುವವರ ದನಿಯನ್ನು ಮುದ್ರಿಸಿ ಇಡುವ ಕೆಲಸ ಭಜನೆಯಷ್ಟೇ ತುರ್ತು.

ಪ್ರಶ್ನೆ: ಹಾಗಾದರೆ ಅವಳು ಮಲಯಾಳದಲ್ಲಿ ಹಾಡಲೇಬಾರದಾ?

ಖಂಡಿತ ಹಾಡಲಿ. ಅದೂ ಅವಳ ಭಾಷೆಯೇ, ಅವಳು ಓದಿದ ಭಾಷೆ. ಗಡಿಯವರಿಗೆ ಎರಡು ನಾಲಿಗೆ ಇರುವುದು ದೋಷ ಅಲ್ಲ. ಕೇಳುವವರು ಜಾಸ್ತಿ ಅನ್ನುವ ಒಂದೇ ಕಾರಣಕ್ಕೆ ಇನ್ನೊಂದನ್ನು ಬಿಡುವುದು ಬೇಡ ಅಂತ ಮಾತ್ರ ನಾನು ಹೇಳುವುದು. ಮಹಾಲಿಯಾ ಒಂಬತ್ತು ವರ್ಷ ಕಾದಳು. ನಮ್ಮ ಹುಡುಗಿ ಅಷ್ಟು ಕಾಯಬೇಕಾಗಿ ಬರದಂತೆ ನೋಡಿಕೊಳ್ಳುವುದು ಇಲ್ಲಿ ಕೂತು ಕೇಳುತ್ತಿರುವ ನಮ್ಮೆಲ್ಲರ ಕೆಲಸ. ಅವಳ ಹಾಡನ್ನು ಕೇಳೋಣ, ನಮ್ಮ ಕಾರ್ಯಕ್ರಮಗಳಿಗೆ ಅವಳನ್ನೂ ಅವಳ ಹಿಮ್ಮೇಳವನ್ನೂ ಸೇರಿಸಿಯೇ ಕರೆಯೋಣ, ಬಸ್ಸಿನ ಖರ್ಚು ಹನ್ನೆರಡು ಜನಕ್ಕೂ ಕೊಡೋಣ.